ಸುಟ್ಟಗಾಯವೂ ಗ್ಲುಟಮಿನ್ ಪುಡಿಯೂ

ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪನೆಯಾದಂದಿನಿಂದ ನಮ್ಮ ಜಿಲ್ಲೆಯವರಿಗೆ ಕುಲುಮೆಯ ಬೆಂಕಿ ಪರಿಚಿತವೇ. ಕುಲುಮೆಯಿಂದ ಹರಿಯುವ ಕಬ್ಬಿಣದ ಉಷ್ಣತೆ 1,400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನದು. ಆದರೆ ಚರ್ಮ ಸುಡಲು ಅಷ್ಟು ಶಾಖ ಬೇಕಿಲ್ಲ. ಶಿವಮೊಗ್ಗದ ಯಾವ ಮನೆಯಲ್ಲಾದರೂ ಒಲೆಯ ಮೇಲೆ ಕುದಿಯುವ ಸಾರೇ ಸಾಕು. ಹೀಗೆ ಸುಟ್ಟುಕೊಂಡವರಿಗೆ ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಪುಡಿ ಕೊಟ್ಟರೆ ರೋಗನಿರೋಧಕ ಶಕ್ತಿ ಹೆಚ್ಚುವುದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನಾನು ಭೌತವಿಜ್ಞಾನದ ಅಧ್ಯಾಪಕ. ಆದರೂ ಇಲ್ಲಿ ಎಲ್ಲ ವಿಜ್ಞಾನಗಳಿಗೂ ಸಲ್ಲುವ ಪಾಠವೊಂದಿದೆ.

ಚರ್ಮವು ದೇಹದ ಕೋಟೆ. ಅದು ಬಿದ್ದರೆ ರೋಗಾಣುಗಳಿಗೆ ದಾರಿ ತೆರೆಯುತ್ತದೆ. ದೇಹದ ನೀರು ಆವಿಯಾಗಿ, ಗ್ರಾಮಿಗೆ ಸುಮಾರು 2,400 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಗಾಯ ದೊಡ್ಡದಾದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿ ವೆಚ್ಚ ತೂಗಿಸಲೆಳಸುತ್ತದೆ. ಆಗ ರಕ್ತದಲ್ಲಿ ಗ್ಲುಟಮಿನ್ ಇಳಿಯುತ್ತದೆ. ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳಿಗೆ ಅದು ಮುಖ್ಯ ಆಹಾರ. ಆದುದರಿಂದ ಕೊರತೆಯನ್ನು ತುಂಬಿದರೆ ರೋಗಿ ಉಳಿದಾನೆಂಬ ತರ್ಕ ಸಹಜ. ಕೆಲವು ಚಿಕ್ಕ ಪ್ರಯೋಗಗಳೂ ಆ ಭರವಸೆಯನ್ನು ಹುಟ್ಟಿಸಿದುವು.

ಆದರೆ ತರ್ಕವೇ ಪ್ರಮಾಣವಲ್ಲ. 14 ದೇಶಗಳ 54 ಕೇಂದ್ರಗಳಲ್ಲಿ, ತೀವ್ರವಾಗಿ ಸುಟ್ಟುಕೊಂಡ ಸುಮಾರು 1,200 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಗ್ಲುಟಮಿನ್, ಇನ್ನೊಂದಕ್ಕೆ ಅದರಂತೆಯೇ ತೋರುವ, ಗುಣವಿಲ್ಲದ ಪುಡಿ. ಗ್ಲುಟಮಿನ್ ಪಡೆದವರು ಬೇಗ ಮನೆಗೆ ಮರಳಲಿಲ್ಲ. ಆರು ತಿಂಗಳೊಳಗೆ ಅವರಲ್ಲಿ ನೂರಕ್ಕೆ 17.2 ಮಂದಿ ತೀರಿಕೊಂಡರು. ಮತ್ತೊಂದು ಗುಂಪಿನಲ್ಲಿ 16.2. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಹಲವು ಅಂಗಗಳು ಸೋತ ಇತರ ರೋಗಿಗಳಲ್ಲಿ ಗ್ಲುಟಮಿನ್‌ನಿಂದ ಸಾವು ಹೆಚ್ಚಿತೆಂದು 2013ರ ಪರೀಕ್ಷೆಯೊಂದು ತೋರಿಸಿತ್ತು. ಕೊರತೆಯು ರೋಗದ ಗುರುತಾಗಿರಬಹುದು. ಅದೇ ರೋಗದ ಕಾರಣವೆಂದು ಭಾವಿಸುವುದು ಅವಸರದ ಮಾತು.

ಆದುದರಿಂದ ಬಡ ಕುಟುಂಬವೊಂದು ಸಾಲಮಾಡಿ ಇಂಥ ಡಬ್ಬಿಯನ್ನು ಕೊಳ್ಳಬೇಕಾದುದಿಲ್ಲವೆಂಬುದು ನನ್ನ ಅಭಿಪ್ರಾಯ. ಫಲ ಖಚಿತವಾದ ಉಪಾಯಗಳು ಅಗ್ಗವಾಗಿಯೇ ಇವೆ. ಸುಟ್ಟ ಕೂಡಲೆ 20 ನಿಮಿಷ ಹರಿಯುವ ತಣ್ಣೀರು, ಶಾಯಿ, ದೋಸೆಹಿಟ್ಟುಗಳ ಲೇಪನ ಬೇಡ, ಶುದ್ಧವಾದ ಬಟ್ಟೆ, ತಡಮಾಡದೆ ಆಸ್ಪತ್ರೆ, ಅಲ್ಲಿ ವೈದ್ಯರು ಗೊತ್ತುಪಡಿಸಿದ, ಸಸಾರಜನಕ ತುಂಬಿದ ಆಹಾರ.

ವಿದ್ಯಾರ್ಥಿಗಳೇ, ಯಾವುದಾದರೂ ಪುಡಿ ಶಕ್ತಿಕೊಡುವುದೆಂದು ಯಾರಾದರೂ ಹೇಳಿದಾಗ ಒಂದೇ ಪ್ರಶ್ನೆ ಕೇಳಿರಿ: ಅದನ್ನು ಸೇವಿಸದವರ ಗತಿ ಏನಾಯಿತು?