15 ದಾಟಿದವರು, 50 ಮುಟ್ಟದವರು

ಮೊನ್ನೆ ಸಾಗರದಲ್ಲೊಂದು ಮದುವೆ ಊಟ. ಪಕ್ಕದ ಎಲೆಯವರು ಕೇಳಿದರು: "ರಿಟೈರಾಗಿ ಆರು ವರ್ಷ ಆತಲ್ಲ ಮಾರಾಯ್ರೆ, ಇನ್ನೂ ಆ ಡಬ್ಬಾ ಕಾರು ಇಟ್ಕಂಡಿದೀರಂತೆ? 15 ವರ್ಷ ಆದ್ಮೇಲೆ ಗುಜರಿಗೆ ಹಾಕ್ಬೇಕು ಅಂತ ಕಾನೂನೇ ಬಂದಿದ್ಯಲ್ಲ!" ಬೆಂಗಳೂರಿಂದ ಬಂದಿದ್ದ ಮಗನೂ ದನಿಗೂಡಿಸಿದ: "ನಾನೂ ಅದೇ ಹೇಳೂದು. ಈ ವಯಸ್ಸಲ್ಲಿ ಅಪ್ಪಯ್ಯಂಗೆ ಎಂತಕ್ಕೆ ಬೇಕು ಇದೆಲ್ಲ?" ಪಾಯಸದ ಹೊತ್ತಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ಉತ್ತರ ಇಲ್ಲಿದೆ.

ಮೊದಲು ಕಾನೂನು. ನಮ್ಮಲ್ಲಿ ಸ್ವಂತ ಬಳಕೆಯ ಕಾರನ್ನು 15 ವರ್ಷಕ್ಕೆ ಗುಜರಿಗೆ ಹಾಕಲೇಬೇಕು ಅಂತ ಎಲ್ಲೂ ಬರೆದಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಆದರೆ 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಇನ್ನೊಂದು ಕಡೆ, 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿ 'ವಿಂಟೇಜ್'. ಅದಕ್ಕೆ ಬೇರೆ ನಂಬರು, ಬೇರೆ ಮರ್ಯಾದೆ. ನಡುವಿನ 35 ವರ್ಷ? ಹೊಸದೂ ಅಲ್ಲ, ಪೂಜ್ಯವೂ ಅಲ್ಲ. ಪೆನ್ಷನ್ ತಗೊಳ್ಳುವವರಿಗೆ ಈ ಸ್ಥಿತಿ ಚೆನ್ನಾಗಿ ಗೊತ್ತು.

ನನ್ನ ಡಬ್ಬಾ ಕಾರು 1984ರ ಸಿಪಾನಿ ಡಾಲ್ಫಿನ್. ಬೆಂಗಳೂರಲ್ಲೇ ತಯಾರಾದದ್ದು. ಬ್ರಿಟನ್ನಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿ ಅಲ್ಯೂಮಿನಿಯಂ ಇಂಜಿನ್, ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ. ಹೊಸನಗರದ ಮಳೆಗೆ ತಗಡಿನ ಕಾರುಗಳ ಬಾಗಿಲು ಜರಡಿಯಾದವು, ಇದರ ಮೈಗೆ ತುಕ್ಕಿಲ್ಲ. (ಅಡಿಯ ಚಾಸಿಗೆ ಇದೆ, ಸುಳ್ಳು ಹೇಳೂದಿಲ್ಲ.) ಮೈ ಹಗುರ ಅಂತಲೇ ಶೋಳಾವರಂ ರೇಸಿನಲ್ಲೂ ರ‍್ಯಾಲಿಗಳಲ್ಲೂ ಓಡಿತು. 1983ರ ಡಿಸೆಂಬರಲ್ಲಿ ಮಾರುತಿ 800 ಬಂತು, ಜನ ಅತ್ತ ಹೋದರು. ಸ್ಪೋರ್ಟ್ಸ್ ಕಾರು ಅಂದ್ರೆ ಕೋಟಿ ರೂಪಾಯಿಯ ಕೆಂಪು ಗಾಡಿ ಅಂತ ತಿಳಿದವರಿಗೆ ಹೇಳುತ್ತೇನೆ: ತೂಕ ಕಮ್ಮಿ, ತಿರುವಿನಲ್ಲಿ ಚುರುಕು, ಕೂತವನಿಗೆ ಖುಷಿ. ಅಷ್ಟಿದ್ದರೆ ನನಗೆ ಅದೇ ಸ್ಪೋರ್ಟ್ಸ್ ಕಾರು.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಗೊತ್ತು: ಭಾರ ಮುಂದಾದರೆ ಎತ್ತಿನ ಹೆಗಲು ಜಗ್ಗುತ್ತದೆ, ಹಿಂದಾದರೆ ನೊಗ ಮೇಲೇಳುತ್ತದೆ. ಇಂಜಿನ್ ಎಲ್ಲಿಡಬೇಕು ಅನ್ನುವ ನೂರು ವರ್ಷದ ವಾದವೂ ಇದೇ. ಮಾರುತಿ 800ರಲ್ಲಿ ಇಂಜಿನ್ ಮುಂದೆ ಅಡ್ಡಕ್ಕೆ, ಎಳೆಯುವುದೂ ಮುಂದಿನ ಚಕ್ರವೇ. ಸಮತಟ್ಟು ರಸ್ತೆಗೆ ಬಹಳ ಒಳ್ಳೇದು. ಆದರೆ ಆಷಾಢದಲ್ಲಿ ಮನೆ ಮುಂದಿನ ಜಂಬಿಟ್ಟಿಗೆ ಮಣ್ಣಿನ ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ರಿವರ್ಸಿನಲ್ಲಿ ಹತ್ತಿಸಿದವರನ್ನು ನಾನೇ ನೋಡಿದ್ದೇನೆ. ಡಾಲ್ಫಿನ್‌ಗೆ ಇಂಜಿನ್ ಮುಂದೆ, ದೂಡುವ ಚಕ್ರ ಹಿಂದೆ. ಹಿಂದಿನ ಸೀಟಲ್ಲಿ ಒಂದು ಮೂಟೆ ಅಡಿಕೆ ಇದ್ದರೆ ಹತ್ತುತ್ತದೆ. ಓಮ್ನಿಯ ಇಂಜಿನ್ ಡ್ರೈವರ್ ಸೀಟಿನಡಿ, ದೂಡುವುದು ಹಿಂದಿನ ಚಕ್ರ. ಇನ್ನು ತೀರ್ಥಹಳ್ಳಿ ಪೇಟೆಯ ಆಟೋಗೆ ಇಂಜಿನ್ನೂ ಹಿಂದೆ, ದೂಡುವ ಚಕ್ರವೂ ಹಿಂದೆ, ಪೋರ್ಷೆ 911ರ ಹಾಗೆ! ಹತ್ತಲು ಹಿಡಿತ ಚೆನ್ನ. ಆದರೆ 911ರ ಹಳೇ ಮಾದರಿಯನ್ನು ಆಗುಂಬೆ ಘಾಟಿಯಂಥ ತಿರುವಿನಲ್ಲಿ ಜೋರಾಗಿ ನುಗ್ಗಿಸಿ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ, ಹಿಂಭಾರ ಹೊರಕ್ಕೆ ಎಸೆಯುತ್ತದೆ.

ಇದನ್ನೆಲ್ಲ ನಾನು ಕಲಿತದ್ದು ನಲವತ್ತು ವರ್ಷ ಬೇರೆ ಬೇರೆ ಗಾಡಿಗಳ ಸ್ಟೀರಿಂಗ್ ಹಿಡಿದು. ಇವತ್ತು ಶೋರೂಮಿನ ಸಣ್ಣ ಕಾರುಗಳು ಹೆಚ್ಚುಕಮ್ಮಿ ಎಲ್ಲವೂ ಒಂದೇ ಅಚ್ಚು: ಇಂಜಿನ್ ಮುಂದೆ, ಎಳೆತ ಮುಂದೆ. ಅದು ತಪ್ಪಲ್ಲ, ಜಾಗ ಉಳಿಯುತ್ತದೆ, ಖರ್ಚೂ ಕಮ್ಮಿ. ಆದರೆ ಹಳೆಯವನ್ನೆಲ್ಲ ತೂಕಕ್ಕೆ ಹಾಕಿದ ಮೇಲೆ, ಬೇರೆ ಥರವೂ ಒಂದಿತ್ತು ಅಂತ ಮೊಮ್ಮಗಳಿಗೆ ತೋರಿಸುವುದು ಹೇಗೆ? ಮೊಬೈಲಲ್ಲಿ ನೋಡಿದರೆ ಹಿಂದಿನ ಚಕ್ರ ಜಾರುವುದು ಸೊಂಟಕ್ಕೆ ಗೊತ್ತಾಗುತ್ತಾ?

ಒಂದು ಮಾತು ಒಪ್ಪುತ್ತೇನೆ. ನನ್ನ ಕಾರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮೊಮ್ಮಗಳನ್ನು ಅದರಲ್ಲಿ ಹೆದ್ದಾರಿಗೆ ಕರಕೊಂಡು ಹೋಗೂದಿಲ್ಲ. ಹೊಗೆ ಬಿಡುವ ಗಾಡಿ ಮೂಲೆಗೆ ಸೇರಲಿ, ನನ್ನದೇ ಆದರೂ ಸರಿ. ನಾನು ಕೇಳುವುದು ಇಷ್ಟೇ: ಬ್ರೇಕ್ ನೋಡಿ, ಹೊಗೆ ನೋಡಿ, ಚಾಸಿ ಬಡಿದು ನೋಡಿ. ಇಸವಿ ನೋಡಿ ತೀರ್ಪು ಕೊಡಬೇಡಿ. ಪಾಸಾದ ಗಾಡಿಗೂ ಹಳೇದು ಅಂತಲೇ ದಂಡದ ಹಾಗೆ ಶುಲ್ಕ ಹಾಕಬೇಡಿ. ಮನುಷ್ಯರಿಗೂ ಅದೇ ಲೆಕ್ಕ. ರಿಟೈರಾದವ ಭಜನೆ ಮಾಡಲಿ, ತೀರ್ಥಯಾತ್ರೆ ಹೋಗಲಿ, ಬೇಡ ಅನ್ನೂದಿಲ್ಲ. ಆದರೆ ಕಾರ್ಬ್ಯುರೇಟರ್ ಬಿಚ್ಚಿ ಕೂತರೆ ಅದು ಮರುಳು ಯಾಕಾಗಬೇಕು?

ನನ್ನ ಡಾಲ್ಫಿನ್‌ಗೆ 50 ತುಂಬುವುದು 2034ಕ್ಕೆ. ಅಲ್ಲಿವರೆಗೆ ಇಬ್ಬರೂ ಪರೀಕ್ಷೆ ಪಾಸಾಗುತ್ತಾ ಇರಬೇಕು. ಮುಂದಿನ ತಿಂಗಳು ಅದನ್ನು ಸಾಗರಕ್ಕೆ ಒಯ್ಯಬೇಕು, ಮಗ ರಜೆ ಹಾಕಿ ಬರುತ್ತಾನಂತೆ. ಮದುವೆ ಊಟದ ಆ ಹಿರಿಯರೂ ಬರಲಿ. ಹಿಂದಿನ ಸೀಟು ಖಾಲಿ ಇದೆ, ಏರು ಹತ್ತಲು ಅಲ್ಲೊಂದು ಭಾರ ಬೇಕೇ ಬೇಕು.