ಬೆಳ್ಳಿಗೂ ಬಗ್ಗದ ರೋಗಾಣು: ಒಂದು ವಿಚಾರ

ನಮ್ಮ ಭಾಗದ ಮನೆಗಳಲ್ಲಿ ಬೆಳ್ಳಿ ಮತ್ತು ತಾಮ್ರಗಳು ಬರಿಯ ಲೋಹಗಳಲ್ಲ. ಅವು ಸಂಸ್ಕಾರದ ಅಂಗಗಳಾಗಿವೆ. ಅನುಕೂಲವುಳ್ಳವರು ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸುವರು. ಕುಡಿಯುವ ನೀರನ್ನು ತಾಮ್ರದ ಕೊಡದಲ್ಲಿ ತುಂಬಿಡುವುದೂ ಆ ಕೊಡವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದೂ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳವರೆಗೆ ಹಿರಿಯರು ನಡೆಸಿಕೊಂಡು ಬಂದ ರೂಢಿ. ಈಗ ಅದೇ ಲೋಹಗಳು ಬೇರೊಂದು ವೇಷದಿಂದ ಮನೆಯನ್ನು ಪ್ರವೇಶಿಸುತ್ತಿವೆ. ಕಾಲುಚೀಲ, ಒಳಉಡುಪು, ಸಾಬೂನು, ಗೋಡೆಯ ಬಣ್ಣ ಮೊದಲಾದವುಗಳ ಮೇಲೆಲ್ಲ ‘ನ್ಯಾನೋ ಬೆಳ್ಳಿ’ ಎಂಬ ಬರಹ ಕಾಣುತ್ತದೆ. ಇದರ ಮುಂದೆ ಯಾವ ರೋಗಾಣುವೂ ತಲೆಯೆತ್ತಲಾರದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರುತ್ತಿದೆ. ಆ ನಂಬಿಕೆ ನಿಜವಲ್ಲವೆಂದೂ ಅದನ್ನು ನಂಬಿ ನಡೆದರೆ ಉಪಯುಕ್ತವಾದ ಒಂದು ಔಷಧವನ್ನು ನಾವೇ ಕೈಯಾರೆ ಕೆಡಿಸಿಕೊಳ್ಳುವೆವೆಂದೂ ನಿವೇದಿಸುವುದೇ ಈ ಲೇಖನದ ಉದ್ದೇಶ.

ವ್ಯಾಕರಣ, ಛಂದಸ್ಸುಗಳನ್ನು ಓದಿಕೊಂಡವನಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಕನ್ನಡವು ಕಾವ್ಯಕ್ಕೆ ಮಾತ್ರ ಮೀಸಲಾದ ಭಾಷೆ ಎಂದಿಗೂ ಆಗಿರಲಿಲ್ಲ. ಕ್ರಿ. ಶ. 1025ರಷ್ಟು ಹಿಂದೆಯೇ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಜಲಶೋಧನೆ, ವೃಕ್ಷಾಯುರ್ವೇದ, ವೈದ್ಯಗಳನ್ನು ಕನ್ನಡದಲ್ಲಿ ನಿರೂಪಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಪಂಪನು ಮೆಚ್ಚಿದ ಪುಲಿಗೆರೆಯ ಕನ್ನಡವೆಂದರೆ ಇಂದಿನ ಲಕ್ಷ್ಮೇಶ್ವರದ ಕನ್ನಡವೇ. ಆ ನೆಲದಲ್ಲಿ ಕುಳಿತು, ಶಾಸ್ತ್ರವಿಷಯ ನಮ್ಮ ನುಡಿಗೆ ಒಗ್ಗದೆನ್ನುವುದು ಸರಿಯಲ್ಲ.

ಮೊದಲು ವಿಷಯವನ್ನು ಸ್ಪಷ್ಟಮಾಡಿಕೊಳ್ಳೋಣ. ಒಂದು ಮೀಟರಿನ ನೂರು ಕೋಟಿಯ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಒಂದರಿಂದ ನೂರು ನ್ಯಾನೋಮೀಟರ್ ಗಾತ್ರದ ಪುಡಿಯೇ ನ್ಯಾನೋ ಕಣ. ಲೋಹವನ್ನು ಅಷ್ಟು ಸಣ್ಣದಾಗಿಸಿದಾಗ ಅದರ ಹೊರಮೈ ಬಹಳ ಹೆಚ್ಚುತ್ತದೆ. ಅದರಿಂದ ಬಿಡುಗಡೆಯಾಗುವ ಲೋಹದ ಅಯಾನುಗಳು ಬ್ಯಾಕ್ಟೀರಿಯದ ಪೊರೆಯನ್ನು ಕೆಡಿಸಿ, ಒಳಗಿನ ಪ್ರೋಟೀನುಗಳ ಕಾರ್ಯವನ್ನು ನಿಲ್ಲಿಸುತ್ತವೆ. ಈ ಗುಣ ಸುಳ್ಳಲ್ಲ. ಜರ್ಮನಿಯ ವೈದ್ಯ ಕ್ರೇಡೆಯು 1880ರ ಸುಮಾರಿಗೆ ನವಜಾತ ಶಿಶುಗಳ ಕಣ್ಣಿಗೆ ಬೆಳ್ಳಿಯ ಲವಣದ ಹನಿಯನ್ನು ಹಾಕಿ ಅಸಂಖ್ಯ ಮಕ್ಕಳನ್ನು ಕುರುಡುತನದಿಂದ ಪಾರುಮಾಡುವ ದಾರಿಯನ್ನು ತೋರಿದನು. 1960ರ ದಶಕದಿಂದ ಸುಟ್ಟಗಾಯಗಳ ಚಿಕಿತ್ಸೆಗೆ ಬೆಳ್ಳಿಯ ಲವಣಗಳೂ ಮುಲಾಮುಗಳೂ ಆಸರೆಯಾದವು. ತಾಮ್ರದ ವಿಷಯದಲ್ಲಿ ನಮ್ಮ ಕರ್ನಾಟಕದ್ದೇ ಸಾಕ್ಷ್ಯವಿದೆ. ಬೆಂಗಳೂರಿನ ಎಫ್. ಆರ್. ಎಲ್. ಎಚ್. ಟಿ. ಸಂಸ್ಥೆಯ ಸಂಶೋಧಕರು, ಭೇದಿಯನ್ನುಂಟುಮಾಡುವ ರೋಗಾಣುಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆಗಳ ಕಾಲ ಇಟ್ಟಾಗ ಅವು ನಾಶವಾದವೆಂದೂ, ನೀರಿಗೆ ಇಳಿದ ತಾಮ್ರ ಅಪಾಯದ ಮಿತಿಯೊಳಗೇ ಇದ್ದಿತೆಂದೂ 2012ರಲ್ಲಿ ಪ್ರಕಟಿಸಿದರು. ಅಜ್ಜಿಯ ಕೊಡಕ್ಕೆ ಪ್ರಯೋಗಶಾಲೆಯ ಮನ್ನಣೆ ದೊರೆತುದು ಸಂತೋಷದ ಸಂಗತಿ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅಮೇರಿಕೆಯ ಬಾಸ್ಟನ್ ನಗರದ ಆಸ್ಪತ್ರೆಯೊಂದರ ಸುಟ್ಟಗಾಯದ ವಿಭಾಗದಲ್ಲಿ ಬೆಳ್ಳಿಯ ಲವಣಕ್ಕೆ ಮಣಿಯದ ಸಾಲ್ಮೊನೆಲ್ಲಾ ಎಂಬ ರೋಗಾಣು ಕಾಣಿಸಿಕೊಂಡು ರೋಗಿಗಳ ಪ್ರಾಣಕ್ಕೆ ಎರವಾಯಿತು. ಇದು 1975ರಲ್ಲಿ ವೈದ್ಯಲೋಕಕ್ಕೆ ತಿಳಿದ ಸಂಗತಿ. ಅದೇ ರೋಗಾಣು ಕೆಲವು ಆಂಟಿಬಯಾಟಿಕ್ ಔಷಧಗಳಿಗೂ ಬಗ್ಗಲಿಲ್ಲ. 1999ರಲ್ಲಿ ವಿಜ್ಞಾನಿಗಳು ಇದರ ಗುಟ್ಟನ್ನು ಬಿಡಿಸಿದರು. ಆ ಜೀವಾಣುವಿನಲ್ಲಿ ಬೆಳ್ಳಿಯನ್ನು ಹಿಡಿದಿಡುವ ಪ್ರೋಟೀನೂ, ಒಳಬಂದ ಬೆಳ್ಳಿಯನ್ನು ಹೊರಕ್ಕೆ ದಬ್ಬುವ ಪಂಪುಗಳೂ ಇವೆ. ಅವುಗಳ ಜೀನುಗಳು ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರದ ಮೇಲಿವೆ. ಈ ಉಂಗುರವನ್ನು ಒಂದು ಜೀವಾಣು ಮತ್ತೊಂದಕ್ಕೆ ದಾಟಿಸಬಲ್ಲುದು. ನಮ್ಮ ನೆರೆಯ ಪುಣೆಯ ವಿಶ್ವವಿದ್ಯಾಲಯದ ಸಂಶೋಧಕರೂ 1994ರಲ್ಲಿಯೇ ಅಸಿನೆಟೋಬ್ಯಾಕ್ಟರ್ ಎಂಬ ಜೀವಾಣುವಿನಲ್ಲಿ ಇಂತಹ ಪ್ಲಾಸ್ಮಿಡನ್ನು ತೋರಿಸಿದ್ದರು.

‘ಅದು ಲವಣದ ಮಾತಾಯಿತು, ನ್ಯಾನೋ ಕಣಕ್ಕೆ ಆ ದೋಷವಿಲ್ಲ’ ಎಂದು ಹೇಳುವವರಿಗೆ 2018ರಲ್ಲಿ ಉತ್ತರ ದೊರೆಯಿತು. ಚೆಕ್ ದೇಶದ ಓಲೋಮೌಟ್ಸ್ ನಗರದ ವಿಜ್ಞಾನಿಗಳು ಎರಡು ಬಗೆಯ ಬ್ಯಾಕ್ಟೀರಿಯಗಳನ್ನು ಬೆಳ್ಳಿಯ ನ್ಯಾನೋ ಕಣಗಳಿಗೆ ಮತ್ತೆ ಮತ್ತೆ ಒಡ್ಡಿದರು. ಅವು ತಮ್ಮ ಬಾಲದಂತಹ ಕಶೆಯನ್ನು ರಚಿಸುವ ಫ್ಲಾಜೆಲಿನ್ ಎಂಬ ಪ್ರೋಟೀನನ್ನು ಹೇರಳವಾಗಿ ಸ್ರವಿಸಿದವು. ಅದು ಅಂಟಿನಂತೆ ಕಣಗಳನ್ನು ಒಂದುಗೂಡಿಸಿ ಗಂಟುಕಟ್ಟಿಸಿತು. ಗಂಟುಕಟ್ಟಿದ ಕಣಕ್ಕೆ ಮೊದಲಿನ ಶಕ್ತಿ ಎಲ್ಲಿಯದು? ಜೀನಿನಲ್ಲಿ ಬದಲಾವಣೆಯಾಗದೆಯೇ ಈ ರಕ್ಷಣೆ ಸಿದ್ಧಿಸಿತೆಂಬುದು ಇನ್ನೂ ಆಶ್ಚರ್ಯಕರ. ದಾಳಿಂಬೆಯ ಸಿಪ್ಪೆಯ ಸಾರವನ್ನು ಬೆರೆಸಿದಾಗ ಫ್ಲಾಜೆಲಿನ್ ಉತ್ಪತ್ತಿ ತಗ್ಗಿ, ಬೆಳ್ಳಿ ಮತ್ತೆ ಕೆಲಸಮಾಡಿತು.

ದಾಳಿಂಬೆಯ ಮಾತು ಬಂದುದರಿಂದ ನಮ್ಮ ಹೊಲಗಳ ಕಡೆಗೂ ನೋಡಬೇಕಾಗಿದೆ. ಮುಂಡರಗಿ, ಶಿರಹಟ್ಟಿ ಭಾಗದ ಮಸಾರಿ ಭೂಮಿಯಲ್ಲಿ ದಾಳಿಂಬೆ ಬೆಳೆಯುವ ರೈತರಿಗೆ ದುಂಡಾಣು ಅಂಗಮಾರಿ ರೋಗದ ಹೆಸರು ಹೇಳಿದರೆ ಸಾಕು, ಎದೆ ನಡುಗುತ್ತದೆ. ಅದಕ್ಕೆ ತಾಮ್ರದ ಔಷಧವನ್ನೂ ಆಂಟಿಬಯಾಟಿಕ್ಕನ್ನೂ ಕೂಡಿಸಿ ಸಿಂಪಡಿಸುವ ಪದ್ಧತಿ ಬೆಳೆದುಬಂದಿತು. ನ್ಯಾನೋ ತಾಮ್ರವು ಈ ರೋಗಾಣುವನ್ನು ತಡೆಯಬಲ್ಲುದೆಂದು 2012ರಲ್ಲಿ ದಿಲ್ಲಿಯ ಕೃಷಿವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದರು. ಇದು ಆಶಾದಾಯಕವೇ ಸರಿ. ಆದರೆ ಇದೇ ಕುಲಕ್ಕೆ ಸೇರಿದ ರೋಗಾಣುವು ಫ್ಲಾರಿಡಾದ ತರಕಾರಿ ಹೊಲಗಳಲ್ಲಿ ತಾಮ್ರಕ್ಕೆ ಮಣಿಯದಂತಾದುದು 1980ರ ದಶಕದಲ್ಲಿಯೇ ಕಂಡುಬಂದಿತ್ತು. ಅಳತೆಯಿಲ್ಲದೆ ಸಿಂಪಡಿಸಿದರೆ ನಮ್ಮಲ್ಲಿಯೂ ಹಾಗಾಗದೆಂದು ಯಾರು ಹೇಳಬಲ್ಲರು? ಆಗ ಸಾಲದ ಹೊರೆಯನ್ನು ಹೊರುವವನು ರೈತನೇ ಹೊರತು ಔಷಧ ಮಾರಿದವನಲ್ಲ.

ಲೋಹವು ಜೀವಾಣುವನ್ನು ಹಲವು ದಿಕ್ಕುಗಳಿಂದ ಹೊಡೆಯುವುದರಿಂದ ಪ್ರತಿರೋಧ ಸುಲಭವಾಗಿ ಹುಟ್ಟದೆಂಬ ವಾದವಿದೆ. ಅದರಲ್ಲಿ ತಥ್ಯವಿಲ್ಲದಿಲ್ಲ, ಬೆಳ್ಳಿಗೆ ಪೂರ್ತಿಯಾಗಿ ಮಣಿಯದ ರೋಗಾಣುಗಳು ಇಂದಿಗೂ ವಿರಳವೇ. ಆದರೆ ವಿರಳವಾಗಿರುವಾಗಲೇ ಎಚ್ಚರಗೊಳ್ಳುವುದು ವಿವೇಕ. ಬೆಳ್ಳಿಯ ಪ್ರತಿರೋಧವೂ ಆಂಟಿಬಯಾಟಿಕ್ ಪ್ರತಿರೋಧವೂ ಒಂದೇ ಪ್ಲಾಸ್ಮಿಡ್ಡಿನ ಮೇಲೆ ಜೊತೆಯಾಗಿರಬಲ್ಲುವಾದ್ದರಿಂದ, ಕಾಲುಚೀಲದ ವಾಸನೆ ಕಳೆಯಲು ಬಳಸಿದ ಬೆಳ್ಳಿಯು ಆಸ್ಪತ್ರೆಯ ಔಷಧಕ್ಕೆ ಬಗ್ಗದ ರೋಗಾಣುವನ್ನು ಪೋಷಿಸುವ ಸಂಭವವಿದೆ. ಒಲೆಯ ಬೆಂಕಿ ತಗುಲಿ ಆಸ್ಪತ್ರೆ ಸೇರಿದ ಹೆಣ್ಣುಮಗಳಿಗೆ ಬೇಕಾದ ಮುಲಾಮಿನ ಶಕ್ತಿಯನ್ನು ಕಾಲುಚೀಲದಲ್ಲಿ ಕಳೆಯುವುದು ಯಾವ ನ್ಯಾಯ?

ಇನ್ನು ಕೆಲವರು ನಮ್ಮ ಪೂರ್ವಿಕರಿಗೆ ಇದೆಲ್ಲವೂ ತಿಳಿದಿತ್ತು, ರಜತಭಸ್ಮವೇ ನ್ಯಾನೋ ಎಂದು ಹೆಮ್ಮೆಪಡುವರು. ಇಂತಹ ಹೆಮ್ಮೆಯಿಂದ ಪೂರ್ವಿಕರ ಕೀರ್ತಿ ಹೆಚ್ಚುವುದಿಲ್ಲ. ಅವರಿಂದ ನಾವು ಕಲಿಯಬೇಕಾದುದು ಮಿತಿಯನ್ನು. ಭಸ್ಮವನ್ನು ವೈದ್ಯನು ಗುಂಜಿಯ ತೂಕದಲ್ಲಿ, ಪಥ್ಯದೊಡನೆ, ರೋಗಿಗೆ ಮಾತ್ರ ಕೊಡುತ್ತಿದ್ದನು; ಊರಿಗೆಲ್ಲ ಎರಚುತ್ತಿರಲಿಲ್ಲ. ಬೇಕಾದಷ್ಟನ್ನು ಮಾತ್ರ ಬಳಸಿ ಉಳಿದುದನ್ನು ಸಮಾಜಕ್ಕೆ ಉಳಿಸುವ ಶರಣರ ದಾಸೋಹದೃಷ್ಟಿ ಔಷಧಕ್ಕೂ ಅನ್ವಯಿಸತಕ್ಕದ್ದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಸುಟ್ಟಗಾಯಕ್ಕೆ, ಆಳವಾದ ಹುಣ್ಣಿಗೆ, ಶುದ್ಧನೀರು ದೊರೆಯದ ಊರಿನ ಸೋಸುಕಕ್ಕೆ ಬೆಳ್ಳಿ ಬಳಕೆಯಾಗಲಿ. ಮನೆಯ ತಾಮ್ರದ ಕೊಡ ಮನೆಯಲ್ಲಿರಲಿ. ಆದರೆ ಅದನ್ನು ದಿನವೂ ತೊಳೆಯುವ ಶ್ರಮವನ್ನು ಬಿಡಬಾರದು. ಕೈತೊಳೆಯಲು ಸಾಮಾನ್ಯ ಸಾಬೂನು ಮತ್ತು ನೀರು ಸಾಕು. ಉಡುಪು, ಬಣ್ಣಗಳಲ್ಲಿ ಬೆಳ್ಳಿಯನ್ನು ಬೆರೆಸಿ ಮಾರುವುದಕ್ಕೆ ಸರ್ಕಾರ ಕಟ್ಟುನಿಟ್ಟಾದ ನಿಯಮವನ್ನು ವಿಧಿಸಬೇಕು.

ಶಿಕ್ಷಕರಲ್ಲಿಯೂ ಒಂದು ವಿನಂತಿಯುಂಟು. ಈಚೆಗೆ ಕಾಲೇಜುಗಳಲ್ಲಿ ಎಲೆಯ ರಸದಿಂದ ಬೆಳ್ಳಿಯ ಕಣಗಳನ್ನು ತಯಾರಿಸುವ ಪ್ರಯೋಗಗಳು ಸಾಮಾನ್ಯವಾಗಿವೆ. ಕಪ್ಪತಗುಡ್ಡದಂತಹ ಸಸ್ಯಸಂಪತ್ತು ಕಣ್ಣೆದುರಿಗಿರುವ ನಮ್ಮ ಮಕ್ಕಳೂ ನಾಳೆ ಅದನ್ನು ಕೈಗೊಳ್ಳುವರು. ತಟ್ಟೆಯಲ್ಲಿ ಒಂದು ದಿನ ರೋಗಾಣು ಸತ್ತಿತೆಂದು ಬರೆದು ಮುಗಿಸುವುದನ್ನು ಅವರಿಗೆ ಕಲಿಸಬಾರದು. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಜೀವಾಣುವಿನ ಎಪ್ಪತ್ತು ತಲೆಮಾರುಗಳು ಒಂದೇ ದಿನದಲ್ಲಿ ಕಳೆಯುತ್ತವೆ. ಬದುಕುಳಿದುದು ಏನನ್ನು ಕಲಿಯಿತೆಂದು ಕೇಳುವ ವಿದ್ಯಾರ್ಥಿಯೇ ನಿಜವಾದ ಜಿಜ್ಞಾಸು. ಅಂತಹ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಬರೆದು, ತಮ್ಮ ಊರಿನ ರೈತನಿಗೂ ತಾಯಂದಿರಿಗೂ ತಿಳಿಯಹೇಳುವ ಮಕ್ಕಳು ಈ ವಿದ್ಯಾಲಯದಿಂದ ಪ್ರತಿವರ್ಷ ಹೊರಬರಲಿ ಎಂಬುದೇ ನನ್ನ ಹಾರೈಕೆ.