ಉಳುವವನ ಹೊಲ ಯಾರ ಪಾಲು?

1947ರ ಆಗಸ್ಟ್ 15 ಬಂದರೂ ಮೈಸೂರು ಸಂಸ್ಥಾನದ ನಮಗೆ ಜನರ ಸರ್ಕಾರ ಸಿಕ್ಕಿರಲಿಲ್ಲ. ಅದಕ್ಕೇ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ. ಶಾಲೆ ಬಿಟ್ಟು ಬೀದಿಗಿಳಿದ ಹುಡುಗರಲ್ಲಿ ನಾನೂ ಒಬ್ಬ. ಲಾಠಿ ಏಟು ಬಿದ್ದ ಎಡಮೊಣಕೈ ಇಂದಿಗೂ ಪೂರ್ತಿ ಮಡಚುವುದಿಲ್ಲ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ನಮ್ಮೂರ ಗೇಣಿದಾರರು ಮಾತ್ರ ಕಣದಲ್ಲೇ ಧಣಿಗೆ ಭತ್ತ ಅಳೆದುಕೊಡುತ್ತ, ಉಳುವವನಿಗೇ ಹೊಲ ಕೊಟ್ಟ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯವರೆಗೆ ಕಾದರು. ಭೂನ್ಯಾಯ ಮಂಡಳಿಯ ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗ ಪಕ್ಕದ ಮನೆಯ ಮುದುಕನ ಕೈ ನಡುಗಿದ್ದನ್ನು ನೋಡಿದವನು ನಾನು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು 2020ರಲ್ಲಿ ಆ ಕಾಯ್ದೆಯನ್ನೇ ಸಡಿಲಿಸಿದರು. ಇದಕ್ಕಾಗಿ ನಾವು ಏಟು ತಿನ್ನಲಿಲ್ಲ. ಸಾಲಕ್ಕೆ ಸಿಕ್ಕಿ ರೈತ ಮಾರಿದ ಎಕರೆ ಅವನ ಮಕ್ಕಳಿಗೆ ಮರಳಿ ಬರುವುದಿಲ್ಲ. 2020ರಲ್ಲಿ ತೆಗೆದುಹಾಕಿದ ನಿರ್ಬಂಧಗಳನ್ನು ಸರ್ಕಾರ ಮತ್ತೆ ಜಾರಿಗೆ ತರಲಿ.